ಕನಿಕರವು ಯಾರಿಗಾಗಿ?

ಒಬ್ಬನಿಗಾಗುವ ಅನ್ಯಾಯವನ್ನು ಕಂಡು ನಾವು ಕೂಗುವಾಗ ಆ ಕೂಗು ಅವನಿಗೋಸ್ಕರವೋ ನಮಗೋಸ್ಕರವೋ ಎಂಬದು ಹೇಗೆ ತಿಳಿಯುವದು? ದಕ್ಷಿಣ ಆಫ್ರಿಕದ ಒಂದು ಸಂಗತಿಯನ್ನು ಓದಿದಂದಿನಿಂದ ಈ ಪ್ರಶ್ನೆಯು ನಮ್ಮನ್ನು ಬಿಡಲೊಲ್ಲದು.

ಇಂಗ್ಲಿಷರಿಗೂ ಬೋವರ್ ಜನರಿಗೂ ನಡೆದ ಯುದ್ಧವು 1902ರಲ್ಲಿ ಮುಗಿದಾಗ ಟ್ರಾನ್ಸ್‌ವಾಲಿನ ಚಿನ್ನದ ಗಣಿಗಳಿಗೆ ಆಳು ಸಾಲದೆ ಹೋಯಿತು. ಕೂಲಿಯನ್ನು ತಗ್ಗಿಸಿದ್ದರಿಂದ ಆ ನಾಡಿನ ಕಪ್ಪು ಜನರು ಮೊದಲಿನಂತೆ ಬರಲಿಲ್ಲ. ಕೂಲಿಯನ್ನು ಹೆಚ್ಚಿಸುವದಕ್ಕಿಂತ ಸಮುದ್ರದಾಚೆಯಿಂದ ಆಳುಗಳನ್ನು ತರಿಸುವದೇ ಲಾಭವೆಂದು ಧಣಿಗಳಿಗೆ ತೋರಿತು. 1904ರಲ್ಲಿ ಅದಕ್ಕಾಗಿ ಕಾನೂನಾಯಿತು. ಮುಂದಿನ ಮೂರು ವರುಷಗಳೊಳಗೆ ಸುಮಾರು 63,000 ಚೀನೀಯರು, ಹೆಚ್ಚಾಗಿ ಉತ್ತರ ಪ್ರಾಂತಗಳ ಬಡವರು, ಹಡಗೇರಿ ಬಂದರು. ಮೂರು ವರುಷದ ಕರಾರು. ಗಣಿಯ ಆವರಣದಲ್ಲಿಯೇ ವಾಸ. ಹೊರಗೆ ಹೋಗಲು ಚೀಟಿ ಬೇಕು. ಭೂಮಿ ಕೊಳ್ಳಕೂಡದು, ವ್ಯಾಪಾರ ಮಾಡಕೂಡದು. ಕಾನೂನಿಗೆ ಒಂದು ಪಟ್ಟಿಯೂ ಸೇರಿತ್ತು. ಬಡಗಿ, ಕಮ್ಮಾರ, ಇಟ್ಟಿಗೆ ಕಟ್ಟುವವ ಮುಂತಾದ ಐವತ್ತಕ್ಕೂ ಮಿಕ್ಕ ಕಸುಬುಗಳಲ್ಲಿ ಒಂದಕ್ಕಾದರೂ ಅವನು ಕೈ ಹಾಕಕೂಡದು. ಕೈಯಲ್ಲಿ ವಿದ್ಯೆಯಿದ್ದವನಿಗೆ ಅದನ್ನು ಮರೆತಿರೆಂಬ ಅಪ್ಪಣೆ!

ಚೀನೀಯರನ್ನು ಬಾರುಕೋಲಿನಿಂದ ಹೊಡೆಯಲು ಅಧಿಕಾರಿಗಳೇ ಒಪ್ಪಿದ್ದ ವರ್ತಮಾನವು ಇಂಗ್ಲೆಂಡಿಗೆ ಮುಟ್ಟಿದಾಗ ಮಹಾ ಕೋಲಾಹಲವೆದ್ದಿತು. 1906ರ ಚುನಾವಣೆಯಲ್ಲಿ ಲಿಬರಲ್ ಪಕ್ಷದವರು ಸಂಕೋಲೆಯ ಚೀನೀಯರ ಚಿತ್ರಗಳನ್ನು ಗೋಡೆಗಳಿಗೆ ಅಂಟಿಸಿ, ಇದು ದಾಸತ್ವವೆಂದು ಸಾರಿ ಗೆದ್ದರು. (ಗೆದ್ದ ಮೇಲೆ, ಇದನ್ನು ಪೂರ್ಣಾರ್ಥದಲ್ಲಿ ದಾಸತ್ವವೆನ್ನಲಾಗದೆಂದು ಅವರ ಮಂತ್ರಿಮಂಡಲದ ಚರ್ಚಿಲ್ಲರೇ ಪಾರ್ಲಿಮೆಂಟಿನಲ್ಲಿ ಹೇಳಿದರು.) ಕೂಗಿದವರಲ್ಲಿ ನಿಜವಾಗಿ ಮರುಗಿದವರೂ ಇದ್ದರೆಂದು ನಾವು ನಂಬುತ್ತೇವೆ. ಆದರೆ ಬಿಳಿಯ ಕೆಲಸಗಾರನ ಸ್ಥಳವನ್ನು ಹಳದಿಯವನು ಕಸಿದುಕೊಂಡಾನೆಂಬ ಭಯವೂ ಅದೇ ಕೂಗಿನಲ್ಲಿ ಬೆರೆತಿತ್ತು.

ಎರಡನ್ನು ಬೇರ್ಪಡಿಸುವದು ಹೇಗೆ? ಕೇಳಿಕೊಂಡ ಪರಿಹಾರವನ್ನು ನೋಡತಕ್ಕದ್ದು. ಕಟ್ಟನ್ನು ಬಿಚ್ಚಿರಿ ಎನ್ನುವದು ಒಂದು. ಕಟ್ಟಿದವನನ್ನೇ ಆಚೆಗೆ ಕಳುಹಿಸಿರಿ ಎನ್ನುವದು ಇನ್ನೊಂದು. ಟ್ರಾನ್ಸ್‌ವಾಲಿನಲ್ಲಿ ಆದದ್ದು ಎರಡನೆಯದೇ. 1907ರಲ್ಲಿ ಅಧಿಕಾರಕ್ಕೆ ಬಂದ ಬೋಥಾರವರ ಸರಕಾರವು ಕರಾರುಗಳನ್ನು ಮುಂದುವರಿಸಲಿಲ್ಲ. 1910ರೊಳಗೆ ಚೀನೀಯ ಕೂಲಿಗಳನ್ನು ಹಿಂದಕ್ಕೆ ಕಳುಹಿಸಿಯಾಯಿತು. ಮನೆಗೆ ಮರಳಿ ಸಂತೋಷಪಟ್ಟವರು ಇದ್ದಿರಲೂಬಹುದು. ಪಟ್ಟಿಯ ಗತಿಯೇನಾಯಿತು? ಚೀನೀಯರು ಹೋದರೂ ಅದರ ತತ್ವವು ಹೋಗಲಿಲ್ಲ. 1911ರ ಗಣಿ ಕಾಯಿದೆಯ ನಿಯಮಗಳಿಂದ ಮೇಲುತರದ ಕೆಲಸಗಳು ಬಿಳಿಯರ ಪಾಲಿಗೇ ಉಳಿದು, ಬಾಗಿಲು ಕಪ್ಪು ಜನರ ಮುಖಕ್ಕೆ ಮುಚ್ಚಿತು.

ಅದೇ 1907ರಲ್ಲಿ, ಅಲ್ಲಿ ನೆಲೆಸಿದ್ದ ನಮ್ಮ ದೇಶದವರೂ ಚೀನೀಯ ವರ್ತಕರೂ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕೆಂದು ಕಾನೂನಾಯಿತು. ಅವರು ಯಾರ ಕನಿಕರವನ್ನೂ ಬೇಡಲಿಲ್ಲ. ಮಾನದಿಂದ ಅಲ್ಲಿಯೇ ಇರಬೇಕೆಂದರು. 1908ರ ಜನವರಿಯಲ್ಲಿ ಗಾಂಧಿಯವರೂ ಚೀನೀಯರ ಮುಂದಾಳು ಲ್ಯೂಂಗ್ ಕ್ವಿನ್ನರೂ ಜೋಹಾನ್ಸ್‌ಬರ್ಗಿನ ಸೆರೆಮನೆಯನ್ನು ಹೊಕ್ಕರು.