ಸುಣ್ಣ ಬಿದ್ದ ಕಣ್ಣಿಗೆ ಮಾಸಿನ ಪೊರೆ

ನಮ್ಮ ಮುದ್ದೇಬಿಹಾಳ ಸೀಮೆಯಲ್ಲಿ ಊಟವಾದ ಮೇಲೆ ಚಂಚಿ ಬಿಚ್ಚದ ಹಿರಿಯರು ಕಡಿಮೆ. ಎಲೆ, ಅಡಿಕೆ, ತಂಬಾಕು, ಅವುಗಳ ನಡುವೆ ಒಂದು ಸುಣ್ಣದ ಡಬ್ಬಿ. ಈಗ ಡಬ್ಬಿಯ ಜಾಗಕ್ಕೆ ಪಾನ್ ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣವೂ ಬಂದಿದೆ. ಮೆತ್ತಗಿರುವ ಆ ಪೊಟ್ಟಣ ಕೈಗೆ ಸಿಕ್ಕರೆ ಮಕ್ಕಳು ಹಿಚುಕದೆ ಬಿಡುವುದಿಲ್ಲ. ಒಡೆದರೆ ಸುಣ್ಣ ನೇರ ಕಣ್ಣಿಗೇ ಸಿಡಿಯುತ್ತದೆ. ಹೀಗೆ ಕಣ್ಣು ಸುಟ್ಟುಕೊಂಡು ಬರುವ ಮಕ್ಕಳು ನೇತ್ರವೈದ್ಯರಿಗೆ ಹೊಸಬರಲ್ಲ. ಆ ಗಳಿಗೆಯಲ್ಲಿ ಎಣ್ಣೆ, ಎದೆಹಾಲು ಎಂದು ಹುಡುಕುತ್ತ ಕೂರಬಾರದು. ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಅರ್ಧ ಗಂಟೆಯಾದರೂ ಸುರಿಯುತ್ತಿರಬೇಕು. ಆಮೇಲೆ ತಡಮಾಡದೆ ದವಾಖಾನೆ.

ಸುಣ್ಣ ಕ್ಷಾರ. ಅದು ಜೀವಕೋಶಗಳ ಕೊಬ್ಬನ್ನೇ ಕರಗಿಸಿಕೊಂಡು ಆಳಕ್ಕಿಳಿಯುತ್ತದೆ. ಕರಿಗುಡ್ಡೆ ಬಿಳಿಗುಡ್ಡೆ ಕೂಡುವ ಅಂಚಿನ ಸುತ್ತ ಕಾಂಡಕೋಶಗಳಿರುತ್ತವೆ. ಕಾರ್ನಿಯಾದ ಮೇಲ್ಪದರ ಸವೆದಂತೆಲ್ಲ ಹೊಸದನ್ನು ಬೆಳೆಸಿಕೊಡುವವು ಅವೇ. ಅವು ಸುಟ್ಟುಹೋದರೆ ಬಿಳಿಭಾಗದ ಪೊರೆ, ರಕ್ತನಾಳಗಳ ಸಮೇತ ಕಾರ್ನಿಯಾದ ಮೇಲೆ ಹಬ್ಬಿ ನೋಟ ಮುಚ್ಚುತ್ತದೆ. ಇಂಥ ಕಣ್ಣಿಗೆ ದಾನದ ಕಾರ್ನಿಯಾ ಒಂದನ್ನೇ ಕೂಡಿಸಿದರೆ ಅದು ಬಾಳುವುದಿಲ್ಲ.

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಡಾ. ವೀರೇಂದರ್ ಸಂಗವಾನ್ ಮತ್ತು ಸಂಗಡಿಗರು 2012ರಲ್ಲಿ ಇದಕ್ಕೊಂದು ಸರಳ ದಾರಿ ಪ್ರಕಟಿಸಿದರು. ರೋಗಿಯ ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರಿನಷ್ಟು ಚೂರು ತೆಗೆಯುತ್ತಾರೆ. ಸುಟ್ಟ ಕಣ್ಣಿನ ಮೇಲೆ ತೆಳು ಪೊರೆಯೊಂದನ್ನು ಹಾಸಿ, ರಕ್ತದ ಪ್ರೋಟೀನಿನಿಂದ ಮಾಡಿದ ಫೈಬ್ರಿನ್ ಅಂಟಿನಿಂದ ಕೂಡಿಸುತ್ತಾರೆ. ಆ ಚೂರನ್ನು ಎಂಟು ಹತ್ತು ತುಣುಕು ಮಾಡಿ, ಮಡಿಯಲ್ಲಿ ಉಳ್ಳಾಗಡ್ಡಿ ಅಗಿ ಹಚ್ಚಿದಂತೆ ಪೊರೆಯ ಮೇಲೆ ಸುತ್ತಲೂ ಇಡುತ್ತಾರೆ. ಕೋಶಗಳು ಅಲ್ಲೇ ಹಬ್ಬಿಕೊಳ್ಳುತ್ತವೆ. ಅವನ್ನು ಬೆಳೆಸಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಬಡವರ ಕಣ್ಣಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ಬೇರೆ ಹೇಳಬೇಕೆ?

ಆ ಪೊರೆ ಎಲ್ಲಿಯದು? ಮಗುವಿನೊಂದಿಗೆ ಹೊರಬರುವ ಮಾಸಿನ ಒಳಪದರ ಅದು. ಅದರಲ್ಲಿ ರಕ್ತನಾಳಗಳಿಲ್ಲ. ಬೇರೆಯವರದಾದರೂ ಕಣ್ಣು ಅದನ್ನು ಸಾಮಾನ್ಯವಾಗಿ ತಿರಸ್ಕರಿಸುವುದಿಲ್ಲ. ಉರಿಯೂತ ತಗ್ಗಿಸಿ, ಗಾಯ ಕಲೆಗಟ್ಟದಂತೆ ನೋಡಿಕೊಂಡು, ಕೆಲವು ವಾರಗಳಲ್ಲಿ ತಾನೇ ಕರಗಿಹೋಗುತ್ತದೆ. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲಕ್ಕೆ ಮಾಸನ್ನು ಹಿತ್ತಲಲ್ಲಿ ಕುಣಿ ತೋಡಿ ಹೂತು, ನಾಯಿ ಕೆದರದಂತೆ ಮೇಲೊಂದು ಕಲ್ಲು ಹೇರುತ್ತಿದ್ದರು. ಈಗ ಆಸ್ಪತ್ರೆಯಲ್ಲಿ ಅದು ಹಳದಿ ಚೀಲ ಸೇರುತ್ತದೆ. ಮೊದಲೇ ಗೊತ್ತುಪಡಿಸಿದ ಸಿಜೇರಿಯನ್ ಹೆರಿಗೆಯಾದರೆ, ತಾಯಿಯ ರಕ್ತದಲ್ಲಿ ಎಚ್‌ಐವಿ, ಕಾಮಾಲೆಯಂಥ ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ಅವಳ ಒಪ್ಪಿಗೆ ಪಡೆದು ಈ ಪೊರೆಯನ್ನು ಕಣ್ಣಿನ ಬ್ಯಾಂಕಿಗೆ ಕೊಡಬಹುದು. ಒಂದು ಮಾಸಿನಿಂದ ಹಲವು ಕಣ್ಣಿಗಾಗುವಷ್ಟು ಪೊರೆ ಸಿಗುತ್ತದೆ. ತಾಯಿಗಾಗಲಿ ಕೂಸಿಗಾಗಲಿ ಕಳೆಯುವುದು ಏನೂ ಇಲ್ಲ. ಯಾರ ಕಣ್ಣಿಗೆ ಹೋಯಿತೆಂದು ಅವಳಿಗೆ ತಿಳಿಯುವುದಿಲ್ಲ. ಬಸವಣ್ಣನವರ ಬಾಗೇವಾಡಿಗೆ ನೆರೆಯವರಾದ ನಮಗೆ ಇಂಥ ದಾಸೋಹವನ್ನು ಹೊಸದಾಗಿ ಕಲಿಸಬೇಕಿಲ್ಲ. ಈ ಅನುಕೂಲ ಎಲ್ಲ ಆಸ್ಪತ್ರೆಗಳಲ್ಲೂ ಇರದು. ಇರುವ ಕಡೆ ವೈದ್ಯರು ಬಂದು ವಿಚಾರಿಸಿದರೆ, ಹೊರಗೆ ಬೆಂಚಿನ ಮೇಲೆ ಕೂತ ನಾವು ಹಿರಿಯರು ಬೇಡವೆಂದು ತಲೆಯಾಡಿಸುವ ಮೊದಲು, ಒಳಗೆ ಮಲಗಿರುವ ಮಗಳನ್ನೋ ಸೊಸೆಯನ್ನೋ ಒಮ್ಮೆ ಕೇಳೋಣ. ಕೊಡುವವಳು ಅವಳು.