ಗಾಜಿನಾಚೆಗಿನ ಹೊಣೆ

ಒಂದು ಜೀವವನ್ನು ಸಾಕುತ್ತೇನೆಂದು ಕೈಗೆತ್ತಿಕೊಂಡವನ ಹೊಣೆ ಎಲ್ಲಿಗೆ ಮುಗಿಯುತ್ತದೆ? ಹಟ್ಟಿಯ ಹಸುವಿನ ವಿಷಯದಲ್ಲಿ, ಅಂಗಳದ ನಾಯಿಯ ವಿಷಯದಲ್ಲಿ ನಮ್ಮ ಹಿರಿಯರು ಈ ಪ್ರಶ್ನೆಗೆ ತಮ್ಮದೇ ಉತ್ತರಗಳನ್ನು ಕಂಡುಕೊಂಡಿದ್ದರು. ನನಗೆ ಅದು ಎದುರಾದದ್ದು ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದರಲ್ಲಿ ಬೆಳೆದ ನೀರುಗಿಡಗಳಿಂದ. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಇದು ತಕ್ಕ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಧರ್ಮಸೂಕ್ಷ್ಮವೆಂಬುದು ದೊಡ್ಡ ಸಂಗತಿಗಳಲ್ಲಿ ಮಾತ್ರ ಇರುತ್ತದೆಂದು ನಾನೂ ಬಹುಕಾಲ ನಂಬಿದ್ದವನೇ.

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ವರ್ಷ ಮಗಳು ಆ ತೊಟ್ಟಿಯನ್ನು ತಂದುಕೊಟ್ಟಳು. ಜತೆಗಿದ್ದ ಪ್ಲಾಸ್ಟಿಕ್ ಗಿಡಗಳು ನನಗೆ ಒಗ್ಗಲಿಲ್ಲ. ಜೀವಂತ ಗಿಡಗಳನ್ನೇ ನೆಡುವುದೆಂದು ನಿಶ್ಚಯಿಸಿದೆ. ನಮ್ಮ ಕಾಸರಗೋಡಿನ ನೆಲವೇ ಇದಕ್ಕೆ ಒದಗಿಬಂತು. ಬಾವಿಯ ನೀರಿಗೆ ಕ್ಲೋರಿನ್ನಿನ ಕಾಟವಿಲ್ಲ. ಮನೆ ಕಟ್ಟಲು ನಾವು ಕಡಿದು ತೆಗೆಯುವ ಮುರಕಲ್ಲು ಕಬ್ಬಿಣದ ಅಂಶದಿಂದಲೇ ಕೆಂಪಾದದ್ದು, ಆ ಕಬ್ಬಿಣ ನೀರುಗಿಡಗಳ ಬೇರಿಗೆ ಆಹಾರ. ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲಿಗೆ ಫ್ರಾನ್ಸಿಸ್ ಬುಕನನ್ 1807ರ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರಿಟ್ಟ. ಪಾಶ್ಚಾತ್ಯ ಹವ್ಯಾಸಿಗಳು ಹಣ ಕೊಟ್ಟು ಕೊಂಡು ತೊಟ್ಟಿಯ ಮರಳಿನ ಕೆಳಗೆ ಹಾಸುವ ಅದರ ಪುಡಿ ನಮ್ಮ ಅಂಗಳದಲ್ಲಿ ಸುಮ್ಮನೆ ಕಾಲಿಗೆ ಅಂಟುತ್ತದೆ! ಅದನ್ನು ತಳಕ್ಕೆ ಹಾಸಿ, ಮೇಲೆ ಎರಡಂಗುಲ ಹೊಳೆಮರಳು ಹರಡಿ, ಅಂಗಡಿಯಿಂದ ತಂದ ಕಬೊಂಬದ ಕಡ್ಡಿಗಳನ್ನು ಊರಿದೆ. ಬೀಸಣಿಗೆಯನ್ನು ನೂಲುನೂಲಾಗಿ ಸೀಳಿದಂಥ ಎಲೆಯ, ದಕ್ಷಿಣ ಅಮೆರಿಕ ಮೂಲದ ಗಿಡ ಅದು. ನಡುವೆ ಹತ್ತು ಗಪ್ಪಿ ಮೀನುಗಳನ್ನು ಬಿಟ್ಟೆ.

ಆ ದಿನಗಳಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದು ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞನ ಪ್ರಯೋಗ. 1850ರ ಸುಮಾರಿಗೆ ಅವನು ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಒಟ್ಟಿಗೆ ಇರಿಸಿದ. ಮೀನು ಹೊರಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರಬೇಕು, ಗಿಡ ಬಿಟ್ಟ ಆಮ್ಲಜನಕದಿಂದ ಮೀನು ಉಸಿರಾಡಬೇಕು ಎಂಬುದು ಅವನ ಎಣಿಕೆ. ಆದರೆ ಹಣ್ಣೆಲೆಗಳು ಕೊಳೆತು ನೀರು ಕೆಟ್ಟಿತು. ಕೊಳೆತದ್ದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟ ಮೇಲೆಯೇ ನೀರು ತಿಳಿಯಾದದ್ದು. ಪರಸ್ಪರ ಋಣದಿಂದ ನಿಂತ ಒಂದು ಪುಟ್ಟ ಲೋಕ! ಸಂಜೆ ತೊಟ್ಟಿಯ ಮುಂದೆ ಕುಳಿತಾಗಲೆಲ್ಲ ನನ್ನ ಲೋಕವೂ ಹಾಗೆಯೇ ಪೂರ್ಣವಾಗಿದೆಯೆಂದು ಬೀಗುತ್ತಿದ್ದೆ.

ಬೆಳೆಯುವ ಗಿಡ ಯಾವ ಲೋಕವನ್ನೂ ಪೂರ್ಣವಾಗಿರಲು ಬಿಡುವುದಿಲ್ಲ. ಕಬೊಂಬ ಮೂರೇ ವಾರದಲ್ಲಿ ನೀರಿನ ಮೇಲ್ಮೈ ಮುಟ್ಟಿ ಅಡ್ಡಡ್ಡ ಹರಡಿ ಕೆಳಗಿನವುಗಳಿಗೆ ಬೆಳಕಿಲ್ಲದಂತೆ ಮಾಡಿತು. ಕತ್ತರಿಸಲೇಬೇಕು. ತುದಿಯನ್ನು ಕತ್ತರಿಸಿ ಮರಳಿಗೆ ಊರಿದರೆ ಅದೂ ಬೇರು ಬಿಡುತ್ತದೆ. ಗೆಣ್ಣೊಂದು ಉಳಿದರೂ ಸಾಕು, ಅದರಿಂದ ಹೊಸ ಗಿಡ. ಹೀಗೆ ವಾರವಾರವೂ ಒಂದು ಬಾಲ್ದಿ ಹಸುರು ಕಡ್ಡಿಗಳು ಉಳಿಯತೊಡಗಿದವು. ಮೊದಲ ಬಾರಿ ಅವನ್ನು ಕಸದ ಹೊಂಡಕ್ಕೆ ಒಯ್ಯುವಾಗ ಅಮ್ಮ ಜಗಲಿಯಿಂದಲೇ ತಡೆದರು. ಮುಸ್ಸಂಜೆಯ ಮೇಲೆ ತುಳಸಿಯ ಎಲೆ ಕೀಳಬಾರದೆನ್ನುವ ತಲೆಮಾರು ಅವರದು. "ಜೀವ ಉಂಟಲ್ಲ ಮಗಾ ಅದಕ್ಕೆ? ತೋಟದ ಕೆರೆಗೆ ಬಿಡು, ಬದುಕಿಕೊಳ್ಳಲಿ" ಎಂದರು. ಬಿಟ್ಟೆ. ಮನಸ್ಸಿಗೆ ಹಿತವೂ ಆಯಿತು.

ಎರಡು ಮಳೆಗಾಲ ಕಳೆದವು. ಒಂದು ದಿನ ಬೆಳಿಗ್ಗೆ ಕೆಳಗಿನ ತೋಟದವರು ಬಂದು, "ಮಾಷ್ಟ್ರೇ, ನಿಮ್ಮ ಕೆರೆಯ ಕಡೆಯಿಂದ ಏನೋ ಒಂದು ಬಳ್ಳಿ ಬಂದು ನಮ್ಮ ಪಂಪಿನ ಫುಟ್‌ವಾಲ್ವಿಗೆ ಸುತ್ತಿಕೊಂಡಿದೆ, ನೀರೇ ಎಳೆಯುವುದಿಲ್ಲ" ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ಆಶ್ಚರ್ಯ ಮಾತ್ರವಿತ್ತು. ಹೋಗಿ ನೋಡಿದರೆ ನಮ್ಮ ಕೆರೆಯ ಮುಕ್ಕಾಲು ಪಾಲು ಕಬೊಂಬದ ಹಾಸು. ಚಿಕ್ಕಂದಿನಲ್ಲಿ ನಾನು ಈಜು ಕಲಿತ ಕೆರೆ ಅದು. ತಳದಲ್ಲಿ ರಿಬ್ಬನ್ನಿನಂತೆ ಬಳುಕುತ್ತಿದ್ದ ನೀರುಹುಲ್ಲು ಕಾಣಿಸಲೇ ಇಲ್ಲ. ಮಳೆಗಾಲದಲ್ಲಿ ಕೆರೆ ಉಕ್ಕಿ ನೀರು ತೋಡಿಗೆ ಇಳಿಯುತ್ತದೆ, ತೋಡು ಹೊಳೆಗೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತೋ, ಎಷ್ಟು ಹೋಯಿತೋ!

ಅಮ್ಮನ ಕರುಣೆಯಲ್ಲಿ ದೋಷವಿತ್ತೆಂದು ನಾನು ಇಂದಿಗೂ ಹೇಳಲಾರೆ. ಅವರು ಎಣಿಸಿದ್ದು ಕಣ್ಣೆದುರಿನ ಕಡ್ಡಿಯ ಜೀವವನ್ನು. ದೋಷವಿದ್ದದ್ದು ಓದುಬರಹ ಬಲ್ಲ ನನ್ನಲ್ಲಿ. ಆ ಗಿಡ ಎಲ್ಲಿಯದೆಂದೂ ತುಂಡುತುಂಡಾಗಿ ಹಬ್ಬುತ್ತದೆಂದೂ ತಿಳಿದಿದ್ದವನು ನಾನು. ಆದರೂ ಅವರ ಮಾತನ್ನು ಹಿಡಿದುಕೊಂಡದ್ದೇಕೆ? ಕೊಲ್ಲುವ ಕೆಲಸ ನನ್ನ ಕೈಗೆ ಬೇಡವಾಗಿತ್ತು, ಅಷ್ಟೇ. "ಬಿಟ್ಟುಬಿಟ್ಟೆ" ಎಂಬ ಕ್ರಿಯಾಪದ ನಮ್ಮ ಭಾಷೆಯಲ್ಲಿ ಬಂಧಮುಕ್ತಿಯನ್ನೂ ಸೂಚಿಸುತ್ತದೆ, ಕೈತೊಳೆದುಕೊಳ್ಳುವುದನ್ನೂ ಸೂಚಿಸುತ್ತದೆ. ನಾನು ಎರಡನೆಯದನ್ನು ಮಾಡಿ ಮೊದಲನೆಯದರ ಪುಣ್ಯವನ್ನು ಬಯಸಿದೆ. ಗಾಜಿನೊಳಗೆ ಹಳದಿಯಾದ ಒಂದೊಂದು ಎಲೆಗೂ ಮರುಗುತ್ತಿದ್ದವನು ಕೆರೆಯ ತಳದಲ್ಲಿ ಬೆಳಕಿಲ್ಲದೆ ಸತ್ತ ಹುಲ್ಲನ್ನು ಎಣಿಸಲೇ ಇಲ್ಲ. ಕಾಣುವ ಜೀವಕ್ಕೆ ದಯೆ ತೋರುವುದು ಸುಲಭ. ಆ ದಯೆಯ ಬೆಲೆಯನ್ನು ಕಾಣದ ಜೀವಗಳು ತೆತ್ತಿದ್ದವು.

ಇದು ನನ್ನೊಬ್ಬನ ಕಥೆಯಲ್ಲವೆಂಬುದು ಸಮಾಧಾನದ ಸಂಗತಿಯೇನೂ ಅಲ್ಲ. 2020ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಬಳಿಯ ಆವಳ ಪಾಂಡಿಯ ನೀರು ಗುಲಾಬಿ ಹೂಗಳಿಂದ ಮುಚ್ಚಿಹೋದಾಗ ನೋಡಲು ಜನ ಮುಗಿಬಿದ್ದರು. ಅದೂ ಕಬೊಂಬದ ಒಂದು ಜಾತಿಯೇ. ಇದರ ಇನ್ನೊಂದು ಮುಖವೂ ಇದೆ. ಆಮ್ಲಜನಕದ ಗುಳ್ಳೆಗಳನ್ನು ತೋರಿಸಲು ಆಲಿಕೆಯ ಕೆಳಗಿಟ್ಟು ನಾನು ಮಕ್ಕಳಿಗೆ ಪಾಠ ಹೇಳಿದ ಹೈಡ್ರಿಲ್ಲ ನಮ್ಮ ಕೆರೆತೋಡುಗಳ ಸಾಧು ಗಿಡ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲೋರಿಡಾ ಸೇರಿದ ಅದೇ ಗಿಡ ಅಲ್ಲಿನ ಸರೋವರಗಳನ್ನೂ ಕಾಲುವೆಗಳನ್ನೂ ಕಟ್ಟಿಹಾಕಿತು. ಕಳೆ ಎಂಬುದು ಗಿಡದ ಸ್ವಭಾವವಲ್ಲ, ಅದನ್ನು ಒಯ್ದವನ ಕೃತ್ಯದ ಹೆಸರು. ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ: "ಹೊರಗಿನದು" ಎಂಬ ಸಸ್ಯಶಾಸ್ತ್ರದ ಮಾತನ್ನು ಮನುಷ್ಯರ ಮೇಲೆ ಎಸೆಯುವ ಚಪಲ ಅಲ್ಲಲ್ಲಿ ಕಾಣುತ್ತದೆ. 1956ರಲ್ಲಿ ಇದ್ದಲ್ಲಿಯೇ ಇದ್ದು ಇನ್ನೊಂದು ರಾಜ್ಯಕ್ಕೆ ಸೇರಿದ ನಮಗಂತೂ ಆ ಚಪಲದ ಅಪಾಯ ತಿಳಿದಿರಬೇಕು. ನೆರೆಯವನಿಗೆ ಜಾಗ ಬಿಡಲು ಮನುಷ್ಯ ಕಲಿಯಬಲ್ಲ, ಕಬೊಂಬ ಕಲಿಯಲಾರದು.

ಹಾಗಾದರೆ ಸಾಕುವುದನ್ನೇ ನಿಲ್ಲಿಸಬಾರದೇ ಎಂದು ಮಗಳು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು, ನನ್ನ ಉತ್ತರ ಅಷ್ಟು ಗಟ್ಟಿಯಾದದ್ದಲ್ಲ. ಆ ತೊಟ್ಟಿಯಿಲ್ಲದಿದ್ದರೆ ನೀರಿನೊಳಗೆ ಗಿಡಗಳಿವೆ ಎಂಬುದನ್ನೇ ನಾನು ಗಮನಿಸುತ್ತಿರಲಿಲ್ಲ. ಕಣ್ಣೂರಿನ ಕಡೆಯ ಮುರಕಲ್ಲು ಪಾರೆಗಳ ಮಳೆನೀರಿನ ಹೊಂಡಗಳಲ್ಲಿ ಬೆಳೆಯುವ ರೊಟಾಲ ಮಲಬಾರಿಕದಂಥ ಅಪರೂಪದ ಸಸ್ಯಗಳ ಹೆಸರನ್ನೂ ಕೇಳುತ್ತಿರಲಿಲ್ಲ. ಅಂಥವನ್ನು ಕಿತ್ತು ತರುವ ಆಸೆಯೂ ಈ ಹವ್ಯಾಸದಿಂದಲೇ ಹುಟ್ಟುತ್ತದೆಂಬುದು ನಿಜ. ಆಸೆಯನ್ನು ಕಟ್ಟಿಹಾಕಿದ್ದೇನೆ. ಈಗ ತೊಟ್ಟಿಯಲ್ಲಿರುವುದು ನಮ್ಮ ತೋಡಿನಿಂದಲೇ ತಂದ ಒಂದು ಹಿಡಿ ಹೈಡ್ರಿಲ್ಲ, ಒಂದಿಷ್ಟು ವ್ಯಾಲಿಸ್ನೇರಿಯ. ಅವುಗಳ ಕತ್ತರಿಸಿದ ಕಡ್ಡಿಗಳನ್ನೂ ತೋಡಿಗೆ ಮರಳಿಸುವುದಿಲ್ಲ. ಅಂಗಡಿಯ ಗಪ್ಪಿಗಳ ಜತೆಗೆ ಬಂದ ರೋಗವೋ ಬಸವನಹುಳುವಿನ ಮೊಟ್ಟೆಯೋ ಅಂಟಿಕೊಂಡಿರಬಹುದು.

ಕೆರೆಯ ಕಬೊಂಬವನ್ನು ಎಳೆದು ತೆಗೆಯಲು ಮೂರು ಬೇಸಗೆ ಬೇಕಾಯಿತು. ಎಳೆದದ್ದನ್ನೂ ತೊಟ್ಟಿಯ ಕಡ್ಡಿಗಳನ್ನೂ ನೀರಿನಿಂದ ದೂರ, ಅಂಗಳದ ಮುರಕಲ್ಲಿನ ಮೇಲೆ ಬಿಸಿಲಿಗೆ ಹರಡುತ್ತೇನೆ. ಏಪ್ರಿಲ್ ತಿಂಗಳಾದರೆ ಎರಡು ದಿನದಲ್ಲಿ ಕಂದಿ ಗರಿಗರಿಯಾಗುತ್ತವೆ. ಮತ್ತೆ ಬಸಳೆಯ ಬುಡಕ್ಕೆ. ಹೋದ ವರ್ಷ ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ಅಮ್ಮ, "ಪಾಪ ಅಲ್ಲವಾ ಮಗಾ ಇದು?" ಎಂದು ಕೇಳಿದರು. "ಹೌದಮ್ಮಾ" ಎಂದೆ. ಅವರು ಮತ್ತೇನೂ ಹೇಳಲಿಲ್ಲ.

ಮಳೆ ನಿಂತು ತೋಡಿನ ನೀರು ತಿಳಿಯಾಗುವ ಕಾರ್ತಿಕದಲ್ಲಿ ಕೆಳಗಿನ ತೋಟದವರ ಜತೆ ದಡದುದ್ದಕ್ಕೂ ನಡೆದು ಹುಡುಕುತ್ತೇನೆ. ಹೋದ ಸಲ ಅವರ ಕಟ್ಟದ ಹತ್ತಿರ ನಾಲ್ಕು ಕಡ್ಡಿ ಸಿಕ್ಕಿದ್ದವು. ಈ ಸಲ ಅದಕ್ಕಿಂತ ಬಹಳ ಕೆಳಗೆ, ಹೊಳೆ ಸೇರುವಲ್ಲಿ, ಒಂದು.