ವ್ಯಸನವಿಮೋಚನೆಯೂ ಸಜ್ಜನರ ಸಹವಾಸವೂ

ಏಕಾದಶಿಯಂದು ಬಾಲವೃದ್ಧರಿಗೂ ರೋಗಿಗಳಿಗೂ ಬೇಕಾದಷ್ಟರ ಹೊರತು ನಮ್ಮ ಮನೆಗಳಲ್ಲಿ ಒಲೆ ಉರಿಯುವುದಿಲ್ಲ. ಹೊಸದಾಗಿ ಉಪವಾಸವನ್ನು ಹಿಡಿದ ಹುಡುಗನಿಗೆ ಇದರಿಂದ ಆಗುವ ಉಪಕಾರವೆಷ್ಟೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ. ಹಸಿವನ್ನು ತಡೆಯತಕ್ಕವನು ಅವನೇ. ಅವನ ಪರವಾಗಿ ತಂದೆಯಾಗಲಿ ತಾಯಿಯಾಗಲಿ ಉಪವಾಸ ಮಾಡಲಾರರು. ಆದರೆ ಅದೇ ದಿನ ಅಡಿಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದ್ದು, ಮನೆಮಂದಿಯೆಲ್ಲ ಎಲೆ ಹಾಕಿ ಕುಳಿತು ಉಣ್ಣುತ್ತಿದ್ದರೆ ಆ ಹುಡುಗನ ವ್ರತ ಮಧ್ಯಾಹ್ನದವರೆಗಾದರೂ ಉಳಿದೀತೆ? ವ್ರತವು ಅವನದು, ಉರಿಯದ ಒಲೆಯು ಮನೆಯವರದು. ಇವೆರಡೂ ಕೂಡಿದಾಗಲೇ ದ್ವಾದಶಿಯ ಪಾರಣೆ ಸುಖವಾಗುತ್ತದೆ.

ಈ ಸಣ್ಣ ದೃಷ್ಟಾಂತದಿಂದ ಒಂದು ದೊಡ್ಡ ಪ್ರಶ್ನೆಯನ್ನು ಸದ್ಭಕ್ತರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಮದ್ಯ, ಗುಟಕಾ, ಇಸ್ಪೀಟು, ಓಸಿ, ಇತ್ತೀಚೆಗೆ ಕೈಯಲ್ಲಿಯ ಮೊಬೈಲಿನೊಳಗಿನ ಜೂಜು, ಇವುಗಳಲ್ಲಿ ಯಾವುದಾದರೊಂದಕ್ಕೆ ಸಿಕ್ಕಿದ ಮನುಷ್ಯನು ಬಿಡುಗಡೆ ಹೊಂದುವುದು ಸ್ವಂತ ಮನೋಬಲದಿಂದಲೋ, ಅಥವಾ ಸುತ್ತಲಿನವರ ಆಸರೆಯಿಂದಲೋ? ಅವನ ತಪ್ಪಿಗೆ ಅವನೇ ಹೊಣೆಯಾಗಿದ್ದರೆ ಸಮಾಜದ ಕರ್ತವ್ಯವೇನು? ನಮ್ಮ ಮನೆಗಳಲ್ಲಿ ಇಂಥದು ಇಲ್ಲವೆಂದು ಹೇಳಿ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ. ಗುತ್ತಲ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಂದು ಹೆಸರಿಸುವುದು ಬೇಡ. ಯಾವ ಊರಿನ ಯಾವ ಓಣಿಯಲ್ಲಿಯೂ ಈ ದುಃಖವನ್ನು ಬಾಗಿಲು ಮುಚ್ಚಿ ಅನುಭವಿಸುವ ಒಂದು ಮನೆಯಾದರೂ ಇದ್ದೇ ಇದೆ. ಆಚಾರವಂತರ ಮನೆಯಾದಷ್ಟೂ ಬಾಗಿಲು ಹೆಚ್ಚು ಬಿಗಿಯಾಗಿ ಮುಚ್ಚಿರುತ್ತದೆ, ಇಷ್ಟೇ ಭೇದ.

ನನ್ನ ಕಣ್ಣಮುಂದೆ ನಡೆದ ಒಂದು ಪ್ರಸಂಗವನ್ನು ಹೇಳದೆ ಮುಂದುವರಿಯುವುದು ಪ್ರಾಮಾಣಿಕವಾಗದು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದೂರಿನಲ್ಲಿ ಆರಾಧನೆಯ ತೀರ್ಥಪ್ರಸಾದಕ್ಕೆ ಜನ ಕೂಡಿದ್ದರು. ದೇವರನಾಮಗಳನ್ನು ಇಂಪಾಗಿ ಹಾಡುತ್ತಿದ್ದ, ಆದರೆ ಕುಡಿತದಿಂದ ಮನೆ ಹೊಲ ಎರಡನ್ನೂ ಹಾಳುಮಾಡಿಕೊಂಡಿದ್ದ ಒಬ್ಬ ಗೃಹಸ್ಥನು ಬಹುದಿನಗಳ ಮೇಲೆ ಸ್ನಾನ ಮಾಡಿ, ಅಂಗಾರ ಅಕ್ಷತೆ ಹಚ್ಚಿಕೊಂಡು ಬಂದು ಪಂಕ್ತಿಯ ಕೊನೆಯಲ್ಲಿ ಕುಳಿತನು. ಹಿರಿಯರೊಬ್ಬರು, “ಇವತ್ತರೆ ನೆಟ್ಟಗ ಬಂದೀಯೇನೋ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಪಂಕ್ತಿಯೆಲ್ಲ ನಕ್ಕಿತು. ಆತನು ಎಲೆಗೆ ಅನ್ನ ಬೀಳುವ ಮೊದಲೇ ಎದ್ದು ಹೋದನು. ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆ.

ಎಷ್ಟೋ ತಿಂಗಳ ಮೇಲೆ ಆತನೇ ನನಗೆ ಹೇಳಿದ ಮಾತು ಇದು: “ಅವತ್ತಿಗೆ ಹನ್ನೊಂದು ದಿನಾ ಆಗಿತ್ತು ನೋಡ್ರಿ ರಾಯರ, ಒಂದ್ ಹನಿ ಮುಟ್ಟಿರಲಿಲ್ಲ. ಆ ಹನ್ನೊಂದು ದಿನಾ ಯಾರೂ ಎಣಸಲಿಲ್ಲ. ನಾ ಒಬ್ಬಾವನ ಎಣಸ್ಲಿಕ್ಕ ಹತ್ತಿದ್ದೆ.” ಹನ್ನೆರಡನೆಯ ದಿನ ಆತನು ಎಲ್ಲಿಗೆ ಹೋದನೆಂಬುದನ್ನು ಹೇಳಬೇಕಾಗಿಲ್ಲ. ಕುಡಿದವನು ಆತನೇ, ನಿಜ. ಆದರೆ ಆ ದಿನದ ಒಲೆಯನ್ನು ಉರಿಸಿದವರು ನಾವು.

ಇಲ್ಲಿ ಎರಡು ವಿಪರೀತ ಅಭಿಪ್ರಾಯಗಳನ್ನು ಬಿಡಬೇಕಾಗುತ್ತದೆ. ಮೊದಲನೆಯದು, “ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು, ಬಿಡದಿರುವುದು ಕೇವಲ ದುಷ್ಟತನ” ಎಂಬುದು. ದೀರ್ಘಕಾಲದ ಕುಡಿತದಿಂದ ಮಿದುಳಿನ ವ್ಯಾಪಾರವೇ ಮಾರ್ಪಡುತ್ತದೆಂದೂ, ಅದು ಚಿಕಿತ್ಸೆಗೆ ಅರ್ಹವಾದ ರೋಗವೆಂದೂ ವೈದ್ಯಶಾಸ್ತ್ರವು ನಿರ್ಣಯಿಸಿದೆ. ಬಹಳ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಕೈಕಾಲು ನಡುಕ, ಮೂರ್ಛೆ, ಭ್ರಾಂತಿಗಳುಂಟಾಗಿ ಪ್ರಾಣಾಪಾಯವೂ ಆಗಬಹುದು; ಆದುದರಿಂದ ಅಂಥವನನ್ನು ಕೋಣೆಯಲ್ಲಿ ಕೂಡಿಹಾಕುವುದು ಧೈರ್ಯವಲ್ಲ, ಅಜ್ಞಾನ. ವೈದ್ಯರ ಸಹಾಯ ಅವಶ್ಯ. ಎರಡನೆಯದು, “ಅವನ ಪ್ರಾರಬ್ಧ, ಯಾರೇನು ಮಾಡಲಾದೀತು?” ಎಂಬುದು. ಇದು ವೈರಾಗ್ಯದ ವೇಷದಲ್ಲಿರುವ ಆಲಸ್ಯ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಾವು ಪ್ರಾರಬ್ಧದ ವಿಚಾರ ಮಾಡುವುದಿಲ್ಲ. ಕೊಡ ಹಿಡಿದು ಓಡುತ್ತೇವೆ.

ನಮ್ಮ ಸಿದ್ಧಾಂತವನ್ನು ಅರಿತವರಿಗೆ ಇವೆರಡರ ನಡುವಿನ ದಾರಿ ಅಪರಿಚಿತವಾದುದಲ್ಲ. ಸ್ವತಂತ್ರನು ಶ್ರೀಹರಿಯೊಬ್ಬನೇ, ಜೀವರೆಲ್ಲರೂ ಪರತಂತ್ರರು. ಹಾಗೆಂದು ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಶ್ರೀಮದಾಚಾರ್ಯರು ಹೇಳಲಿಲ್ಲ. ಕರ್ತೃತ್ವವು ನಿಜ, ಆದರೆ ಅದು ಅಧೀನವಾದುದು ಎಂದರು. ಕರ್ತೃತ್ವವೇ ಇಲ್ಲದಿದ್ದರೆ ವಿಧಿನಿಷೇಧಗಳಿಗೆ ಅರ್ಥವಿಲ್ಲ. ಪೂರ್ಣಸ್ವಾತಂತ್ರ್ಯವಿದ್ದರೆ ಪ್ರಾರ್ಥನೆಗೆ ಅರ್ಥವಿಲ್ಲ. ವ್ಯಸನಿಯ ವಿಷಯದಲ್ಲಿ ಈ ತತ್ತ್ವವು ಅತ್ಯಂತ ಸ್ಪಷ್ಟವಾಗಿ ಕಾಣಿಸುತ್ತದೆ. “ನನ್ನಿಂದಲೇ ಆಗುತ್ತದೆ, ಯಾರ ಹಂಗೂ ಬೇಡ” ಎನ್ನುವವರೆಗೆ ಅವನು ಬೀಳುತ್ತಲೇ ಇರುತ್ತಾನೆ. “ನನ್ನೊಬ್ಬನಿಂದ ಆಗದು” ಎಂದು ಒಪ್ಪಿದ ದಿನ ಏಳುವ ಆರಂಭವಾಗುತ್ತದೆ. ಹೀಗೆ ಒಪ್ಪುವುದರಲ್ಲಿ ಅವಮಾನವಿಲ್ಲ. ನಮ್ಮೆಲ್ಲರ ಸ್ಥಿತಿಯೂ ಅದೇ. ಅವನಿಗೆ ಅದು ಕಷ್ಟದ ಮೂಲಕ ತಿಳಿಯಿತು, ನಮಗೆ ಇನ್ನೂ ತಿಳಿದಿಲ್ಲ.

ಮಹಾಭಾರತದ ವನಪರ್ವದ ನಳೋಪಾಖ್ಯಾನವನ್ನು ನಾವು ದಮಯಂತಿಯ ಪಾತಿವ್ರತ್ಯಕ್ಕಾಗಿ ಕೇಳುತ್ತೇವೆ. ಅದನ್ನು ಯಾರು ಯಾರಿಗೆ, ಯಾವಾಗ ಹೇಳಿದರೆಂಬುದನ್ನು ಸ್ವಲ್ಪ ಗಮನಿಸಬೇಕು. ಜೂಜಿನಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಪತ್ನಿಯನ್ನೂ ಒಡ್ಡಿ ಸೋತ ಧರ್ಮರಾಜನು, ತನಗಿಂತ ದುಃಖಿಯಾದ ಅರಸನು ಮತ್ತೊಬ್ಬನಿರುವನೇ ಎಂದು ಕೊರಗುತ್ತಿದ್ದಾಗ ಬೃಹದಶ್ವ ಮಹರ್ಷಿಗಳು ಬಂದರು. ಅವರು ಅವನನ್ನು ನಿಂದಿಸಲಿಲ್ಲ. ಜೂಜಿನ ದೋಷಗಳ ಮೇಲೆ ಉಪನ್ಯಾಸವನ್ನೂ ಮಾಡಲಿಲ್ಲ. ಅದೇ ವ್ಯಸನದಿಂದ ಬಿದ್ದು, ಪತ್ನಿಯನ್ನು ಕಾಡಿನಲ್ಲಿ ಬಿಟ್ಟು ಓಡಿ, ರೂಪಗೆಟ್ಟು, ಪರರ ಮನೆಯಲ್ಲಿ ಸಾರಥಿಯಾಗಿ ದುಡಿದು, ಕಡೆಗೆ ಕಲಿಯ ಹಿಡಿತದಿಂದ ಬಿಡುಗಡೆ ಹೊಂದಿದ ಇನ್ನೊಬ್ಬನ ಕಥೆಯನ್ನು ಹೇಳಿದರು. ಬಳಿಕ, ನಳನಿಗೆ ಯಾರೂ ಇರಲಿಲ್ಲ, ನಿನಗಾದರೋ ತಮ್ಮಂದಿರೂ ದ್ರೌಪದಿಯೂ ಬ್ರಾಹ್ಮಣರೂ ಜೊತೆಯಲ್ಲಿದ್ದಾರೆ ಎಂಬ ಅಭಿಪ್ರಾಯದಿಂದ ಸಮಾಧಾನಪಡಿಸಿ, ಅಕ್ಷಹೃದಯವಿದ್ಯೆಯನ್ನೂ ಉಪದೇಶಿಸಿದರು. ಬಿದ್ದವನಿಗೆ ಬಿದ್ದೆದ್ದವನ ಕಥೆ, ಜೊತೆಗಾರರ ನೆನಪು, ಮತ್ತು ರೋಗದ ಮರ್ಮದ ತಿಳಿವಳಿಕೆ, ಈ ಮೂರೂ ಅಲ್ಲಿವೆ. ನಮ್ಮ ಜಿಲ್ಲೆಯ ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆನಿಂತ ಶ್ರೀಕನಕದಾಸರು ಇದೇ ನಳನನ್ನು ‘ನಳಚರಿತ್ರೆ’ಯಾಗಿ ಕನ್ನಡಿಗರಿಗೆ ಕೊಟ್ಟರು. ನಳನು ಕೊನೆಗೆ ಮತ್ತೆ ಆಡಿ ಗೆದ್ದನಲ್ಲ ಎಂದು ಯಾರಾದರೂ ಕೇಳಿಯಾರು. ಆ ಭಾಗವು ಇಂದಿನ ವ್ಯಸನಿಗೆ ಅನುಕರಣೀಯವಲ್ಲವೆಂದು ಸ್ಪಷ್ಟವಾಗಿ ಹೇಳತಕ್ಕದ್ದು.

ಈ ಪ್ರಾಚೀನ ತತ್ತ್ವವನ್ನೇ 1935ರಲ್ಲಿ ಅಮೇರಿಕೆಯ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ತಮ್ಮ ಅನುಭವದಿಂದ ಕಂಡುಕೊಂಡರು. ಬಿಲ್ ವಿಲ್ಸನ್ ಎಂಬ ಷೇರುವ್ಯವಹಾರದವನು ಹೊಸದಾಗಿ ಕುಡಿತ ಬಿಟ್ಟವನು. ಕೈಗೊಂಡ ವ್ಯವಹಾರ ಮುರಿದು, ಪರಸ್ಥಳದಲ್ಲಿ ಮತ್ತೆ ಕುಡಿಯುವ ಆಸೆ ಬಲವಾದಾಗ, ತನ್ನಂತೆಯೇ ನರಳುವ ಇನ್ನೊಬ್ಬನೊಡನೆ ಮಾತನಾಡಬೇಕೆಂದು ಹುಡುಕಿ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಕಂಡನು. ಇಬ್ಬರೂ ಉಳಿದರು. ಅದರಿಂದ ಬೆಳೆದ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಕೂಟಗಳು ಇಂದು ನಮ್ಮ ದೇಶದಲ್ಲಿಯೂ ಇವೆ. ಅಲ್ಲಿ ಜನ್ಮಪರ್ಯಂತದ ಆಣೆಯಿಲ್ಲ. ಈ ಒಂದು ದಿನ ಕುಡಿಯುವುದಿಲ್ಲವೆಂಬ ನಿಶ್ಚಯ ಮಾತ್ರ. 2020ರಲ್ಲಿ 27 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಮಿಕ್ಕ ಜನರನ್ನೂ ಕುರಿತು ನಡೆದ ಒಂದು ವೈದ್ಯಕೀಯ ಪರಾಮರ್ಶೆಯು, ರೋಗಿಗಳನ್ನು ಕ್ರಮಬದ್ಧವಾಗಿ ಇಂಥ ಕೂಟಗಳಿಗೆ ಸೇರಿಸುವ ಚಿಕಿತ್ಸೆಯಿಂದ ಸಂಪೂರ್ಣವಾಗಿ ಕುಡಿತ ಬಿಟ್ಟು ಉಳಿಯುವವರ ಪ್ರಮಾಣವು ಇತರ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಹೆಚ್ಚೆಂದು ಕಂಡುಕೊಂಡಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಇಳಕಲ್ಲಿನ ಶ್ರೀವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಅವರು ಮನೆಮನೆಗೆ ಹೋಗಿ ಬೇಡಿದ್ದು ಧಾನ್ಯವನ್ನಲ್ಲ, ದುಶ್ಚಟಗಳನ್ನು. ಕೊಡುವವನಿಗೆ ನಾಚಿಕೆ ಉಳಿಯದಂತೆ, ದೋಷವನ್ನೇ ಭಿಕ್ಷೆಯೆಂದು ಸ್ವೀಕರಿಸಿದ ಆ ಕ್ರಮದಲ್ಲಿ ಎಂಥ ಅಂತಃಕರಣವಿದೆ! ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯವು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಶ್ರೀವಾದಿರಾಜ ಗುರುಸಾರ್ವಭೌಮರ ಸಂಬಂಧದಿಂದ ನಮಗೆ ಆಪ್ತವಾದ ಧರ್ಮಸ್ಥಳದಿಂದ, 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯ ಹಾಗೂ ಜನಜಾಗೃತಿ ವೇದಿಕೆಯ ಮೂಲಕ, ರಾಜ್ಯದಲ್ಲಿ ಸಾವಿರಕ್ಕೂ ಮಿಕ್ಕಿ ಮದ್ಯವರ್ಜನ ಶಿಬಿರಗಳು ನಡೆದಿವೆ. ಎಂಟು ದಿನಗಳ ಶಿಬಿರ. ಊರಿನ ದೇವಸ್ಥಾನ, ಕಲ್ಯಾಣಮಂಟಪಗಳಂಥ ಸ್ಥಳ. ವ್ಯವಸ್ಥೆಗೆ ಊರವರದೇ ಸಮಿತಿ. ಯೋಗ, ಭಜನೆ, ಹಿತವಚನ, ಕುಟುಂಬದವರೊಡನೆ ಸಮಾಲೋಚನೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ‘ನವಜೀವನ ಸಮಿತಿ’ಯಾಗಿ ಆಗಾಗ ಕೂಡುತ್ತಾರೆ. ಎಂಟು ದಿನಗಳಿಗಿಂತ ಈ ಮುಂದಿನ ಕೂಡುವಿಕೆಯೇ ಮುಖ್ಯವೆಂದು ನನ್ನ ಅಭಿಪ್ರಾಯ. ಏಕೆಂದರೆ ಶಿಬಿರದಲ್ಲಿ ಎಲ್ಲರೂ ಕಾಯುತ್ತಾರೆ. ಒಂಬತ್ತನೆಯ ದಿನದ ಸಂಜೆ, ಹಳೆಯ ಓಣಿಯಲ್ಲಿ, ಹಳೆಯ ಗೆಳೆಯರ ನಡುವೆ ಯಾರು ಕಾಯಬೇಕು?

2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಕುಡಿತ ಮಾತ್ರ ನಿಲ್ಲಲಿಲ್ಲ. ಬೇರೆ ಮದ್ಯಗಳು ಆ ಸ್ಥಾನವನ್ನು ಹಿಡಿದವು. ಕಾನೂನು ಅಂಗಡಿಯನ್ನು ಮುಚ್ಚಬಲ್ಲದು. ಸಂಜೆಯ ಶೂನ್ಯವನ್ನು ತುಂಬಲಾರದು. ಆ ಕೆಲಸವು ನೆರೆಹೊರೆಯದು.

ಹಾಗಾದರೆ ಆಸರೆಯೆಂದರೆ ಏನು? ಇಲ್ಲಿಯೂ ವಿವೇಕ ಬೇಕು. ಅವನ ಅಂಗಡಿಯ ಸಾಲವನ್ನು ಗುಟ್ಟಾಗಿ ತೀರಿಸುವುದು, ಕಚೇರಿಗೆ ಜ್ವರವೆಂದು ಸುಳ್ಳು ಹೇಳಿ ಕಳುಹಿಸುವುದು, ಹೆಂಡತಿಯನ್ನು ಹೊಡೆದಾಗ “ಸಂಸಾರದಲ್ಲಿ ಇದು ಇದ್ದದ್ದೇ” ಎನ್ನುವುದು, ಇವು ಆಸರೆಯಲ್ಲ. ವ್ಯಸನಕ್ಕೆ ಎರೆಯುವ ನೀರು. ಮೊದಲು ರಕ್ಷಣೆ ದೊರೆಯಬೇಕಾದದ್ದು ಆ ಗೃಹಿಣಿಗೂ ಮಕ್ಕಳಿಗೂ. ಸತ್ಯವನ್ನು ಮರೆಮಾಡದೆಯೇ ಮನುಷ್ಯನನ್ನು ಕೈಬಿಡದಿರುವುದು, ಇದೇ ನಿಜವಾದ ಆಸರೆ. ತುಳಸಿಯ ಮುಂದೆ ನಿಲ್ಲಿಸಿ ಬಲವಂತವಾಗಿ ಆಣೆ ಮಾಡಿಸುವುದಕ್ಕಿಂತ, ಸಂಜೆಯ ವೇಳೆಗೆ “ಬಾರಪ್ಪಾ, ಗುಡಿಗೆ ಹೋಗಿ ಬರೋಣ” ಎಂದು ಕರೆಯುವುದು ಮೇಲು. ಆಣೆ ಮುರಿದಾಗ ಕುಡಿತದ ಜೊತೆಗೆ ಪಾಪಭೀತಿಯೂ ಸೇರಿ ಅವನು ಇನ್ನಷ್ಟು ಆಳಕ್ಕೆ ಹೋಗುತ್ತಾನೆ.

ಪಂಕ್ತಿಯ ಶುದ್ಧಿ ಕೆಡುವುದಿಲ್ಲವೇ ಎಂದು ಆಚಾರನಿಷ್ಠರು ಕೇಳುವುದು ಸಹಜ. ಕುಡಿದು ಬಂದವನನ್ನು ಪಂಕ್ತಿಯಲ್ಲಿ ಕೂರಿಸಿರೆಂದು ನಾನು ಹೇಳುತ್ತಿಲ್ಲ. ಕುಡಿಯದೆ ಬಂದವನನ್ನು ನಗೆಯಿಂದ ಎಬ್ಬಿಸಬೇಡಿರೆಂದು ಮಾತ್ರ ಹೇಳುತ್ತೇನೆ. ಪ್ರಾಯಶ್ಚಿತ್ತವೆಂಬ ವಿಧಿಯನ್ನು ಶಾಸ್ತ್ರವು ಇಟ್ಟಿರುವುದೇ ಮರಳಿ ಬರುವವನಿಗೆ ಬಾಗಿಲು ಇರಲೆಂದು. ಬಾಗಿಲನ್ನು ಶಾಸ್ತ್ರ ಇಟ್ಟಿರುವಾಗ ಅಗಳಿಯನ್ನು ನಾವೇಕೆ ಹಾಕಬೇಕು? ಮತ್ತೆ ಬಿದ್ದಾನಲ್ಲವೇ ಎಂದರೆ, ಬಿದ್ದಾನು. ಎಷ್ಟೋ ಜನ ಒಂದೆರಡು ಸಲ ಬಿದ್ದೇ ನಿಲ್ಲುತ್ತಾರೆ. ನಡೆಯಲು ಕಲಿಯುವ ಕೂಸು ಬಿದ್ದಾಗ ನಾವು ಬಿದ್ದುದನ್ನು ಎಣಿಸುವುದಿಲ್ಲ, ಇಟ್ಟ ಹೆಜ್ಜೆಗಳನ್ನು ಎಣಿಸುತ್ತೇವೆ.

ಮೇಲೆ ಹೇಳಿದ ಗೃಹಸ್ಥನ ವಿಷಯವನ್ನು ಪೂರ್ಣಗೊಳಿಸಬೇಕು. ಆತನ ತಾಯಿ ಮತ್ತು ನೆರೆಯ ಒಬ್ಬ ಮಾಸ್ತರರು ಕೂಡಿ ಆತನನ್ನು ವೈದ್ಯರಲ್ಲಿಗೆ ಕರೆದೊಯ್ದರು. ಬಳಿಕ ಒಂದು ಶಿಬಿರಕ್ಕೂ ಕಳುಹಿಸಿದರು. ಆಮೇಲೆಯೂ ಆತನು ಒಮ್ಮೆ ಜಾರಿದನು. ಆ ಮಾಸ್ತರರು ಮಾತ್ರ ಪ್ರತಿ ಸಂಜೆ ಬಂದು ಆತನ ಕಟ್ಟೆಯ ಮೇಲೆ ಕೂರುವುದನ್ನು ಬಿಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. “ಇವತ್ತಿಗೆ ಎಷ್ಟಾತು?” ಎಂದು ಕೇಳುತ್ತಿದ್ದರು, ಅಷ್ಟೇ. ಎಣಿಸುವವರು ಇಬ್ಬರಾದರು. ಈಗ ಆತನು ಮತ್ತೆ ಭಜನೆಯಲ್ಲಿ ಕೂಡುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಇನ್ನೊಂದು ಓಣಿಯಲ್ಲಿಯ ಇನ್ನೊಬ್ಬನ ಕಟ್ಟೆಯ ಮೇಲೆ ಸಂಜೆ ಹೋಗಿ ಕೂರುತ್ತಾನೆ. ಆ ದಿನದ ನಗೆಗಾಗಿ ನಾನು ಆತನ ಕ್ಷಮೆ ಕೇಳಿದಾಗ, “ಇರ್ಲಿ ಬಿಡ್ರಿ, ನೀವೂ ಬಂದು ಕೂಡ್ರಿ” ಎಂದನು. ಈಗ ವಾರಕ್ಕೊಮ್ಮೆ ಹೋಗುತ್ತೇನೆ.

ಸದ್ಭಕ್ತರಲ್ಲಿ ನನ್ನ ಬಿನ್ನಹವಿಷ್ಟೆ. ಮುಂದಿನ ಏಕಾದಶಿಯಂದು ಉರಿಯದ ಒಲೆಯನ್ನು ನೋಡಿದಾಗ, ನಮ್ಮ ಓಣಿಯಲ್ಲಿ ಯಾರಾದರೂ ಒಬ್ಬನೇ ತನ್ನ ದಿನಗಳನ್ನು ಎಣಿಸುತ್ತಿರುವನೇ ಎಂದು ಸ್ಮರಿಸಿರಿ. ಸಹಾಯ ಎಲ್ಲಿ ಕೇಳಬೇಕೆಂದು ತಿಳಿಯದವರಿಗೆ 14416 ಎಂಬ ಟೆಲಿ-ಮನಸ್ ದೂರವಾಣಿಯೂ ಧಾರವಾಡದ ಮಾನಸಿಕ ಆಸ್ಪತ್ರೆಯೂ ಇವೆಯೆಂದು ತಿಳಿಸಿರಿ. ಸಮೀಪದ ಹೊಸರಿತ್ತಿಯಲ್ಲಿ ವರದೆಯ ತೀರದಲ್ಲಿ ವೃಂದಾವನಸ್ಥರಾಗಿರುವ ಶ್ರೀಧೀರೇಂದ್ರತೀರ್ಥರೂ ಶ್ರೀಸುಶೀಲೇಂದ್ರತೀರ್ಥರೂ ನಮಗೆ ಅಂಥ ಅಂತಃಕರಣವನ್ನು ದಯಪಾಲಿಸಲೆಂದು ಪ್ರಾರ್ಥಿಸುತ್ತ ಈ ಬರಹವನ್ನು ಮುಗಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.